ದುರ್ಗದ ಕಲ್ಲು, ಸಮುದ್ರದ ಕಲ್ಲು

ದುರ್ಗದಲ್ಲಿ ಕಲ್ಲು ಅಂದ್ರೆ ಕೋಟೆ ಕಲ್ಲು, ಅಷ್ಟೇ. ನೆಂಟರು ಬಂದ್ರೆ ಅಲ್ಲಿಗೇ ಕರ್ಕೊಂಡು ಹೋಗೋದು, ಓಬವ್ವನ ಕಿಂಡಿ ತೋರ್ಸೋದು, ಏಕನಾಥೇಶ್ವರಿ ಗುಡಿ ಹತ್ರ ಫೋಟೋ ತೆಗ್ಯೋದು, ಸಾಕಾದ್ಮೇಲೆ ಯಾವುದಾದ್ರೂ ಬಂಡೆ ಮೇಲೆ ಕೂತು ಊರು ಪೂರ್ತಿ ನೋಡೋದು. ಆದ್ರೆ ಹಿರಿಯೂರು ಕಡೆ ಹೋಗೋ ಹೈವೇಲಿ ಐಮಂಗಲ ಅಂತ ಬರುತ್ತಲ್ಲ, ಅದರ ಹತ್ರ ಮರಡಿಹಳ್ಳಿ ಅನ್ನೋ ಊರಲ್ಲಿ ಇನ್ನೊಂದು ಕಲ್ಲಿದೆ, ಅದನ್ನ ನೋಡೋಕೆ ಹೋಗೋರು ಕಾಲೇಜಿನ ಜಿಯಾಲಜಿ ಹುಡುಗರು ಬಿಟ್ರೆ ಯಾರೂ ಇಲ್ಲ. ಜಿಯಾಲಾಜಿಕಲ್ ಸರ್ವೆಯೋರು ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಮಾಡಿದ್ದಾರೆ. ಊರೋರಿಗೆ ಅದು ಕುರಿ ಹತ್ತೋ ಗುಡ್ಡ.

ಅಲ್ಲಿರೋದು ಪಿಲ್ಲೋ ಲಾವಾ, ದಿಂಬುಗಲ್ಲು. ಉದ್ದುದ್ದ, ದುಂಡುದುಂಡಗೆ ಉಬ್ಬಿಕೊಂಡಿರೋ ಕಲ್ಲಿನ ದಿಂಬುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರ್ತವೆ, ಬಣ್ಣ ಹಸಿರು ಮಿಶ್ರ ಬೂದಿ. ಈ ಆಕಾರ ಬರೋದಕ್ಕೆ ಇರೋದು ಒಂದೇ ದಾರಿ: ಲಾವಾ ನೀರೊಳಗೆ ಉಕ್ಕಬೇಕು, ಇಲ್ಲಾ ಹರಿದು ನೀರಿಗೆ ಇಳಿಯಬೇಕು. ದಾವಣಗೆರೆಲಿ ಸಂಜೆ ಹೊತ್ತು ಮೆಣಸಿನಕಾಯಿ ಕರಿಯೋ ಗಾಡಿ ಮುಂದೆ ನಿಂತೋರಿಗೆ ಇದು ಬೇಗ ಹಿಡಿಸುತ್ತೆ, ಹಿಟ್ಟು ಎಣ್ಣೆಗೆ ಬಿದ್ದ ತಕ್ಷಣ ಹೊರಗಡೆ ಗಟ್ಟಿಯಾಗಿ ಒಳಗೆ ಮೆತ್ತಗೇ ಉಳಿಯುತ್ತಲ್ಲ ಹಂಗೆ, ಬಿಸಿ ತಣ್ಣಗಿನ ಲೆಕ್ಕ ಮಾತ್ರ ಉಲ್ಟಾ. ಸಾವಿರದ ಇನ್ನೂರು ಡಿಗ್ರಿ ಸುಮಾರಿನ ಲಾವಾ ತಣ್ಣನೆ ನೀರಿಗೆ ತಾಗಿದ ಕ್ಷಣ ಹೊರಮೈ ಗಾಜಾಗುತ್ತೆ, ಒಳಗಿನ ಲಾವಾ ಇನ್ನೂ ಹರಿಯೋ ಸ್ಥಿತಿಲೇ ಇರೋದ್ರಿಂದ ಒಳಗಿಂದ ಒತ್ತಡ ಬಿದ್ದು ಎಲ್ಲೋ ಒಂದು ಕಡೆ ಸೀಳಿ ಹೊರಗೆ ಬರುತ್ತೆ, ಅದೂ ತಕ್ಷಣ ಗಟ್ಟಿಯಾಗಿ ಇನ್ನೊಂದು ದಿಂಬಾಗುತ್ತೆ.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋ ವಿಷಯ ಅಂದ್ರೆ ದಿಂಬಿನ ಬಾಲ. ಮೇಲಿನ ದಿಂಬು ಇನ್ನೂ ಮೆತ್ತಗಿದ್ದಾಗಲೇ ಕೆಳಗಿನ ಎರಡು ದಿಂಬಿನ ಸಂದಿಗೆ ಇಳಿದು ಕೂರುತ್ತೆ, ಹಂಗಾಗಿ ಅದರ ಮೇಲ್ಭಾಗ ದುಂಡಗೆ, ಕೆಳಭಾಗ ಚೂಪು. ಚೂಪು ಯಾವ ಕಡೆ ಇದೆಯೋ ಅದು ಆವತ್ತಿನ ಸಮುದ್ರದ ತಳದ ದಿಕ್ಕು. ಎಷ್ಟೋ ಕೋಟಿ ವರ್ಷದಲ್ಲಿ ಪದರಗಳು ಮಡಚಿ, ನಿಂತು, ಕೆಲವು ಕಡೆ ತಲೆಕೆಳಗಾಗಿದ್ರೂ ಈ ಬಾಲ ನೋಡಿ ಜಿಯಾಲಜಿಸ್ಟ್‌ಗಳು ಮೇಲು ಯಾವ್ದು ಕೆಳಗು ಯಾವ್ದು ಅಂತ ಹೇಳಿಬಿಡ್ತಾರೆ. ಮರಡಿಹಳ್ಳಿ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಅಂತ ಹೇಳ್ತಾರೆ.

ಇಷ್ಟು ಗೊತ್ತಾದ ಮೇಲೆ "ಚಿತ್ರದುರ್ಗ ಒಂದು ಕಾಲಕ್ಕೆ ಜ್ವಾಲಾಮುಖಿ ದ್ವೀಪ ಆಗಿತ್ತು" ಅಂತ ವಾಟ್ಸಾಪ್ ಸ್ಟೇಟಸ್ ಹಾಕೋಕೆ ಕೈ ಕಡಿಯುತ್ತೆ, ಆದ್ರೆ ದಿಂಬುಗಲ್ಲು ಅಷ್ಟು ಹೇಳಲ್ಲ. ನೀರಿತ್ತು, ನೀರೊಳಗೆ ಲಾವಾ ಬಂತು, ಇಷ್ಟೇ ಅದರ ಸಾಕ್ಷಿ. ಆ ಲಾವಾ ಗುಡ್ಡೆ ನೀರಿಂದ ತಲೆ ಎತ್ತಿತ್ತಾ ಇಲ್ವಾ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು. ಆದ್ರೂ ಇವತ್ತು ಆಳ ಸಮುದ್ರದಲ್ಲಿ ಹುಟ್ಟೋ ಬಹುಪಾಲು ಜ್ವಾಲಾಮುಖಿ ದ್ವೀಪಗಳ ಪಾಯ ಇಂಥದೇ ದಿಂಬುಗಲ್ಲು ಅನ್ನೋದು ಮಾತ್ರ ನಿಜ, ಹಂಗಾಗಿ ಇದನ್ನ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಸಮುದ್ರ ಸುತ್ತಲೇಬೇಕು.

ಹವಾಯಿ ತಗೊಳ್ಳಿ. ಮೌನಾ ಕೇಯಾ ಅನ್ನೋ ಬೆಟ್ಟ ಸಮುದ್ರ ಮಟ್ಟದಿಂದ 4,207 ಮೀಟರ್, ಆದ್ರೆ ಅದು ನಿಂತಿರೋ ಸಮುದ್ರದ ತಳದಿಂದ ಅಳೆದ್ರೆ ಒಂಬತ್ತು ಸಾವಿರ ಮೀಟರ್ ದಾಟುತ್ತೆ, ಎವರೆಸ್ಟ್‌ಗಿಂತ ಜಾಸ್ತಿ. ಅಂದ್ರೆ ನಮಗೆ ಕಾಣೋ ದ್ವೀಪ ಬರೀ ತಲೆ. ಅದರ ಪಕ್ಕದಲ್ಲೇ ನೀರೊಳಗೆ ಇನ್ನೊಂದು ಜ್ವಾಲಾಮುಖಿ ಬೆಳೀತಿದೆ, ಲೋಯಿಹಿ ಅಂತಿದ್ರು, ಈಗ ಅಲ್ಲಿಯೋರ ಹಳೇ ಕಥೆಯಿಂದ ಬಂದ ಬೇರೆ ಹೆಸರು ಇಟ್ಟಿದ್ದಾರೆ, ಅದರ ತುದಿಗೆ ಇನ್ನೂ ಒಂದು ಕಿಲೋಮೀಟರ್ ಹತ್ತಿರ ನೀರಿದೆ. ಆಳದಲ್ಲಿ ನೀರಿನ ಭಾರ ಎಷ್ಟಿರುತ್ತೆ ಅಂದ್ರೆ ಆವಿಗೆ ಸಿಡಿಯೋಕೂ ಆಗಲ್ಲ, ಹಂಗಾಗಿ ಲಾವಾ ಸದ್ದಿಲ್ಲದೆ ದಿಂಬು ಹಾಕ್ಕೊಂಡು ಹೋಗುತ್ತೆ. ತುದಿ ನೀರಿನ ಮಟ್ಟಕ್ಕೆ ಹತ್ರ ಬಂದಾಗ ಮಾತ್ರ ಗಲಾಟೆ ಶುರು. ಅಲ್ಲಿ ಒತ್ತಡ ಕಡಿಮೆ, ನೀರು ಒಮ್ಮೆಲೇ ಆವಿಯಾಗಿ ಲಾವಾನ ಚೂರುಚೂರು ಮಾಡಿ ಬೂದಿ ಮಾಡಿ ಆಕಾಶಕ್ಕೆ ಎಸೆಯುತ್ತೆ. ದ್ವೀಪ ಅಂತ ಮೊದಲು ಮೇಲೆ ಬರೋದು ಗಟ್ಟಿ ಕಲ್ಲಲ್ಲ, ಈ ಸಡಿಲ ಬೂದಿ ಗುಡ್ಡೆ.

1963ರ ನವೆಂಬರ್ 14ಕ್ಕೆ ಐಸ್‌ಲ್ಯಾಂಡ್‌ನ ದಕ್ಷಿಣಕ್ಕೆ ಮೀನು ಹಿಡೀತಿದ್ದೋರು ಸಮುದ್ರದಿಂದ ಕಪ್ಪು ಹೊಗೆ ಏಳೋದು ನೋಡಿದ್ರು, ಯಾವುದೋ ಹಡಗಿಗೆ ಬೆಂಕಿ ಬಿದ್ದಿದೆ ಅನ್ಕೊಂಡು ಹತ್ರ ಹೋದ್ರು. ಅಲ್ಲಿ ಸಮುದ್ರ ಸುಮಾರು 130 ಮೀಟರ್ ಆಳ. ಮಾರನೇ ದಿನದ ಹೊತ್ತಿಗೆ ಅಲ್ಲಿ ದ್ವೀಪ ಇತ್ತು. ಸುರ್ಟ್ಸೇ ಅಂತ ಹೆಸರಿಟ್ರು, ಅವರ ಪುರಾಣದ ಬೆಂಕಿ ದೈತ್ಯ ಸುರ್ಟ್‌ನ ನೆನಪಿಗೆ. 1967ರ ಜೂನ್ ತನಕ ಉಕ್ಕಿ ಉಕ್ಕಿ ಕೊನೆಗೆ ಸುಮಾರು 2.7 ಚದರ ಕಿಲೋಮೀಟರ್ ಆಯ್ತು. ಇದೇ ಹೊತ್ತಲ್ಲಿ ಪಕ್ಕದಲ್ಲೇ ಇನ್ನೆರಡು ಮರಿ ದ್ವೀಪ ಎದ್ದಿದ್ವು, ಸಿರ್ಟ್‌ಲಿಂಗರ್ ಮತ್ತೆ ಯೋಲ್ನಿರ್ ಅಂತ, ಎರಡೂ ಕೆಲವೇ ತಿಂಗಳಲ್ಲಿ ಅಲೆ ಹೊಡೆತಕ್ಕೆ ಕರಗಿ ಹೋದ್ವು. ಹೆಸರಿಟ್ಟಿದ್ದೇ ಬಂತು. ಅದಕ್ಕಿಂತ ತಮಾಷೆ 1831ರದ್ದು, ಸಿಸಿಲಿ ಹತ್ರ ಮೆಡಿಟರೇನಿಯನ್ ಸಮುದ್ರದಲ್ಲಿ ಹಿಂಗೇ ಒಂದು ಬೂದಿ ದ್ವೀಪ ಎದ್ದಿತು, ಬ್ರಿಟಿಷರು ಬಾವುಟ ಊರಿದ್ರು, ಸಿಸಿಲಿ ರಾಜ ನಮ್ದು ಅಂದ, ಫ್ರೆಂಚರೂ ಬಂದ್ರು, ಇವರ ಜಗಳ ಬಗೆಹರಿಯೋ ಮುಂಚೆನೇ ಆರು ತಿಂಗಳೊಳಗೆ ದ್ವೀಪ ನೀರೊಳಗೆ ಹೋಯ್ತು. ಸರ್ವೆ ನಂಬರ್ ಬೀಳೋ ಮುಂಚೆನೇ ಜಮೀನು ಮಾಯ.

ಸುರ್ಟ್ಸೇ ಯಾಕೆ ಉಳೀತು ಅನ್ನೋದೇ ನಿಜವಾದ ಕಥೆ. ಮೊದಲನೇ ಕಾರಣ ಸುಲಭ, 1964ರಲ್ಲಿ ಬೂದಿ ಗುಡ್ಡೆ ಎಷ್ಟು ದಪ್ಪ ಆಯ್ತು ಅಂದ್ರೆ ಸಮುದ್ರದ ನೀರು ಜ್ವಾಲಾಮುಖಿ ಬಾಯಿಗೆ ನುಗ್ಗೋದು ನಿಂತು, ಸಿಡಿಯೋದರ ಬದಲು ಲಾವಾ ಆರಾಮಾಗಿ ಹರಿದು ದಕ್ಷಿಣದ ಕಡೆ ಬೂದಿ ಮೇಲೆ ಗಟ್ಟಿ ಹೊದಿಕೆ ಹಾಕಿತು. ಎರಡನೇ ಕಾರಣ ಯಾರೂ ಅಷ್ಟು ಬೇಗ ನಿರೀಕ್ಷೆ ಮಾಡಿರಲಿಲ್ಲ. ಗುಡ್ಡೆ ಒಳಗೆ ಬಿಸಿ ಇನ್ನೂ ಇತ್ತು, ಕೆಳಗಿಂದ ನೀರು ಆವಿಯಾಗಿ ಬೂದಿ ಸಂದಿಯಲ್ಲಿ ಏರ್ತಿತ್ತು, ಆ ಬಿಸಿನೀರು ಆವಿ ತಾಗಿ ಬೂದಿಯ ಗಾಜಿನ ಕಣ ಕರಗಿ, ಬದಲಾಗಿ, ಪಾಲಗೊನೈಟ್ ಅನ್ನೋ ಕಂದು ಬಣ್ಣದ ಅಂಟು ಪದಾರ್ಥ ಆಗಿ ಒಂದಕ್ಕೊಂದು ಬೆಸೆದುಕೊಂಡ್ವು. ಇದಕ್ಕೆಲ್ಲ ಸಾವಿರಾರು ವರ್ಷ ಬೇಕು ಅನ್ಕೊಂಡಿದ್ದು ಬೆರಳೆಣಿಕೆ ವರ್ಷದಲ್ಲೇ ಆಗಿಹೋಗಿತ್ತು. 1979ರಲ್ಲಿ ಕೊಳವೆ ಬಾವಿ ಥರ ಕೊರೆದು ಒಳಗಿನ ಕಲ್ಲು ತೆಗೆದು ನೋಡಿದ್ರು, 2017ರಲ್ಲಿ ಮತ್ತೆ ಕೊರೆದ್ರು.

ಇದನ್ನ ಓದಿದಾಗಿಂದ ಕಲ್ಲು ಸವೆಯೋದು ಅನ್ನೋ ವಿಷಯನ ನಾನು ನೋಡೋ ರೀತಿನೇ ಬೇರೆ ಆಗಿದೆ. ಸ್ಕೂಲಲ್ಲಿ ಶಿಥಿಲೀಕರಣ ಅಂತ ಓದಿದ್ವಿ, ಬಿಸಿಲು ಮಳೆ ಗಾಳಿಗೆ ಕಲ್ಲು ಪುಡಿ ಆಗೋದು, ಒಂದು ಥರ ಮುಪ್ಪು, ಎರಡು ಮಾರ್ಕ್ಸ್ ಪ್ರಶ್ನೆ. ಸುರ್ಟ್ಸೇಲಿ ನೋಡಿದ್ರೆ ನೀರಿಗೆ ಬದಲಾಗದೆ ಹಾಗೇ ಉಳಿದ ಬೂದಿನೇ ಕೊಚ್ಚಿಕೊಂಡು ಹೋಗಿದ್ದು, ಬದಲಾದ ಬೂದಿನೇ ನಿಂತಿರೋದು. ದ್ವೀಪ ಈಗ ಮೊದಲಿನ ಅರ್ಧದಷ್ಟಿದೆ, ಲಾವಾ ಹೊದಿಕೆನೂ ಅಂಚಿಂದ ಮುರೀತಾ ಇದೆ, ಕೊನೆಗೆ ತುಂಬಾ ಕಾಲ ಉಳಿಯೋದು ಬೂದಿ ಬೆಸೆದು ಆದ ಆ ಕಂದು ಟಫ್ ಕಲ್ಲಿನ ದಿಬ್ಬ ಅಂತಾರೆ. ಮರಡಿಹಳ್ಳಿ ದಿಂಬುಗಲ್ಲಿಗೂ ಇದೇ ಆಗಿರೋದು. ಹುಟ್ಟಿದಾಗ ಅದು ಕಪ್ಪು ಬಸಾಲ್ಟ್, ಅಂದ್ರೆ ಲಾವಾ ಆರಿ ಆಗೋ ಕಲ್ಲು, ಹೊರಗೆ ಗಾಜು. ಆಮೇಲೆ ಹೂತುಹೋಗಿ, ಬಿಸಿ, ಒತ್ತಡ, ಬಿಸಿನೀರು ಎಲ್ಲ ಸೇರಿ ಒಳಗಿನ ಖನಿಜಗಳೇ ಬದಲಾಗಿ ಕ್ಲೋರೈಟ್ ಥರದ ಹಸಿರು ಖನಿಜ ಬಂದ್ವು, ಆ ಹಸಿರು ಬಣ್ಣ ಅದರದ್ದೇ. ಗಾಜು ಈಗ ಗಾಜಾಗಿ ಉಳಿದಿಲ್ಲ, ಆಕಾರ ಮಾತ್ರ ಉಳಿದಿದೆ.

ಸುರ್ಟ್ಸೇಗೆ ವಿಜ್ಞಾನಿಗಳನ್ನ ಬಿಟ್ಟು ಯಾರನ್ನೂ ಬಿಡಲ್ಲ, ಬರೀ ಕಲ್ಲಿನ ಮೇಲೆ ಜೀವ ಹೆಂಗೆ ಬರುತ್ತೆ ಅಂತ ನೋಡೋಕೆ. 1965ರಲ್ಲೇ ದಡದಲ್ಲಿ ಮೊದಲ ಗಿಡ ಬಂತು, ಆದ್ರೆ ಹಸಿರು ನಿಜವಾಗಿ ಹಬ್ಬಿದ್ದು 80ರ ದಶಕದಲ್ಲಿ ಕಡಲ ಹಕ್ಕಿಗಳು ಗುಂಪಾಗಿ ಗೂಡು ಕಟ್ಟೋಕೆ ಶುರು ಮಾಡಿ ಹಿಕ್ಕೆ ಬಿದ್ದ ಮೇಲೆ. ಗೊಬ್ಬರ ಇಲ್ಲದೆ ಏನೂ ಆಗಲ್ಲ, ಯಾವ ರೈತನ್ನ ಕೇಳಿದ್ರೂ ಹೇಳ್ತಿದ್ದ.

ಮುದಿ ದ್ವೀಪ ಹೆಂಗಿರುತ್ತೆ ಅಂತ ನೋಡೋಕೆ ಮತ್ತೆ ಹವಾಯಿಗೇ ಬರಬೇಕು, ಯಾಕಂದ್ರೆ ಅಲ್ಲಿ ಎಲ್ಲ ವಯಸ್ಸಿನವೂ ಸಾಲಾಗಿ ನಿಂತಿದ್ದಾವೆ. ಕೆಳಗೆ ಬಿಸಿ ಏಳೋ ಜಾಗ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ, ಮೇಲಿನ ಪೆಸಿಫಿಕ್ ಫಲಕ, ಅಂದ್ರೆ ಭೂಮಿ ಹೊರಚಿಪ್ಪಿನ ದೊಡ್ಡ ಹೋಳು, ವರ್ಷಕ್ಕೆ ಏಳೆಂಟು ಸೆಂಟಿಮೀಟರ್ ವಾಯವ್ಯಕ್ಕೆ ಸರೀತಾ ಹೋಗುತ್ತೆ. ದ್ವೀಪಗಳ ಸಾಲಿಗೆ ಈ ಸರಿಯೋದೇ ಕಾರಣ ಅಂತ 1963ರಲ್ಲಿ ಕೆನಡಾದ ಟ್ಯೂಜೊ ವಿಲ್ಸನ್ ಹೇಳಿದ್ರು, ಸುರ್ಟ್ಸೇ ಹುಟ್ಟಿದ ವರ್ಷನೇ. ಹಂಗಾಗಿ ಹವಾಯಿಯ ದೊಡ್ಡ ದ್ವೀಪಕ್ಕೆ ಹತ್ತು ಲಕ್ಷ ವರ್ಷನೂ ಆಗಿಲ್ಲ, ಇನ್ನೂ ಬೆಂಕಿ ಕಾರ್ತಿದೆ, ಕವಾಯಿ ದ್ವೀಪಕ್ಕೆ ಐವತ್ತು ಲಕ್ಷ. ಕವಾಯಿ ನೆತ್ತಿ ಮೇಲೆ ವರ್ಷಕ್ಕೆ ಹತ್ತು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ನಮ್ಮ ಹಿರಿಯೂರಿಗೆ 600 ಬಂದ್ರೆ ದೊಡ್ಡದು. ಮಳೆನೀರು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹಿಡ್ಕೊಂಡು ಸಣ್ಣಗೆ ಆಸಿಡ್ ಆಗಿ ಬಸಾಲ್ಟ್ ಮೇಲೆ ಬೀಳುತ್ತೆ. ಆಲಿವೀನ್ ಅನ್ನೋ ಹಸಿರು ಖನಿಜ ಮೊದಲು ಸೋಲುತ್ತೆ, ಅದು ತುಂಬಾ ಬಿಸಿಯಲ್ಲಿ ಹುಟ್ಟಿದ್ದು, ಮೇಲಿನ ತಂಪು ತೇವ ಅದಕ್ಕೆ ಒಗ್ಗಲ್ಲ. ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಆಮೇಲೆ. ಕ್ಯಾಲ್ಸಿಯಂ ಮೆಗ್ನೀಷಿಯಂ ಸೋಡಿಯಂ ಎಲ್ಲ ನೀರಿನ ಜೊತೆ ಸಮುದ್ರಕ್ಕೆ ಹೋಗಿ ಕಬ್ಬಿಣ ಮಾತ್ರ ತುಕ್ಕು ಹಿಡಿದು ಹಿಂದೆ ಉಳಿಯುತ್ತೆ, ಅದಕ್ಕೆ ಕವಾಯಿ ಕಣಿವೆಗಳು ಕೆಂಪೋ ಕೆಂಪು. ಕರಗಿದ ಕ್ಯಾಲ್ಸಿಯಂ ಸಮುದ್ರದಲ್ಲಿ ಚಿಪ್ಪಾಗಿ ಹವಳ ಆಗಿ ಕಾರ್ಬನ್ನೂ ಕಟ್ಟಿಹಾಕುತ್ತೆ. ಭೂಮಿ ಮೇಲಿನ ನೆಲದಲ್ಲಿ ಬಸಾಲ್ಟ್ ಇರೋದು ನೂರಕ್ಕೆ ಐದು ಭಾಗ ಸುಮಾರು, ಆದ್ರೆ ಕಲ್ಲು ಸವೆದು ಗಾಳಿಯಿಂದ ತೆಗೆಯೋ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮೂರನೇ ಒಂದು ಭಾಗದ ಹತ್ತಿರ ಅದರದ್ದೇ ಕೆಲಸ.

ಸವೆತದ ಜೊತೆಗೆ ದ್ವೀಪ ತನ್ನ ಭಾರಕ್ಕೆ ತಾನೇ ಕೆಳಗೆ ಇಳೀತಾ ಹೋಗುತ್ತೆ, ಕೆಳಗಿನ ಫಲಕ ತಣ್ಣಗಾದಷ್ಟೂ ಇನ್ನೂ ಇಳಿಯುತ್ತೆ. ಅಂಚಲ್ಲಿ ಹವಳ ಮಾತ್ರ ಬಿಸಿಲಿಗೋಸ್ಕರ ಮೇಲಕ್ಕೆ ಬೆಳೀತಾನೇ ಇರುತ್ತೆ, ಕೊನೆಗೆ ನಡುವಿನ ಬೆಟ್ಟ ಪೂರ್ತಿ ಮುಳುಗಿ ಹವಳದ ಉಂಗುರ ಉಳಿಯುತ್ತೆ. ಇದನ್ನ ಡಾರ್ವಿನ್ 1842ರಲ್ಲೇ ಬರೆದಿದ್ದ, ವಿಕಾಸವಾದದ ಪುಸ್ತಕಕ್ಕಿಂತ ಎಷ್ಟೋ ಮುಂಚೆ. ನಮ್ಮ ಲಕ್ಷದ್ವೀಪನೂ ಇಂಥ ಹವಳದ ಉಂಗುರಗಳೇ. ದಖ್ಖನ್ನಿನ ಲಾವಾ 6.6 ಕೋಟಿ ವರ್ಷದ ಹಿಂದೆ ಉಕ್ಕಿಸಿದ ಬಿಸಿ ಜಾಗ ಭಾರತ ಉತ್ತರಕ್ಕೆ ಸರಿದ ಹಾಗೆ ಹಿಂದೆ ಲಕ್ಷದ್ವೀಪ, ಮಾಲ್ಡೀವ್ಸ್ ಸಾಲು, ಆಮೇಲೆ ಮಾರಿಷಸ್ ಬಿಡ್ತಾ ಹೋಗಿ ಈಗ ರಿಯೂನಿಯನ್ ದ್ವೀಪದ ಕೆಳಗೆ ಉರೀತಿದೆ. ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪ ಈ ಸಾಲಿಗೆ ಸೇರಲ್ಲ, ಅಲ್ಲಿ ಕಂಬಗಳ ಹಾಗೆ ನಿಂತಿರೋ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆ ಆಗೋ ಹೊತ್ತಿನ ಲಾವಾ. ಕಲ್ಲು ಜ್ವಾಲಾಮುಖಿಯದ್ದು, ದ್ವೀಪ ಮಾತ್ರ ಆಮೇಲೆ ಸಮುದ್ರ ಕೊರೆದು ಬಿಟ್ಟಿದ್ದು.

ಇನ್ನು ನಮ್ಮ ಕೋಟೆ ಬಂಡೆಗಳಿಗೆ ಬರ್ತೀನಿ, ಅವನ್ನ ಪೂರ್ತಿ ಬಿಟ್ರೆ ದುರ್ಗದೋರು ಬೈತಾರೆ. ಅದು ಗ್ರಾನೈಟ್, ಯಾವ ಸಮುದ್ರದಲ್ಲೂ ಉಕ್ಕಿದ್ದಲ್ಲ, ನೆಲದ ಒಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನಕ್ಕೆ ಆರಿದ್ದು. ಅದು ಈಗ ಬಿಸಿಲಿಗೆ ನಿಂತಿದೆ ಅಂದ್ರೆ ಮೇಲಿದ್ದ ಅಷ್ಟೂ ಕಲ್ಲು ಸವೆದು ಹೋಗಿದೆ ಅಂತಲೇ ಅರ್ಥ. ಆ ದುಂಡು ಬಂಡೆಗಳು ಉರುಳಿ ಉರುಳಿ ದುಂಡಗಾದದ್ದಲ್ಲ. ಕಲ್ಲಲ್ಲಿ ಉದ್ದ ಅಡ್ಡ ಸೀಳು ಇರ್ತವೆ, ಅದರೊಳಗೆ ನೀರು ಇಳಿದು ನೆಲದ ಒಳಗೇ ಮೂಲೆಗಳನ್ನ ಮೂರು ಕಡೆಯಿಂದ ತಿನ್ನುತ್ತೆ, ಮೂಲೆ ಬೇಗ ಕರಗಿ ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯುತ್ತೆ, ಸುತ್ತಲಿನ ಮಣ್ಣು ಕೊಚ್ಚಿ ಹೋದ ಮೇಲೆ ಅದು ಹೊರಗೆ ಕಾಣುತ್ತೆ. ಮದಕರಿ ನಾಯಕನ ಸೈನ್ಯ ಅಡಗಿ ಕೂತ ಸಂದಿಗಳೆಲ್ಲ ಮೊದಲು ನೀರು ತಿಂದ ಜಾಗ.

ಇನ್ನೊಂದು ವಿಚಾರ ನನ್ನ ತಲೆಲಿ ಕೂತುಬಿಟ್ಟಿದೆ. ಮರಡಿಹಳ್ಳಿ ಲಾವಾ ಉಕ್ಕಿದ ಕಾಲಕ್ಕೆ ಗಾಳಿಯಲ್ಲಿ ಆಕ್ಸಿಜನ್ ಇಲ್ಲ ಅನ್ನೋಷ್ಟು ಕಮ್ಮಿ, ಅದು ಏರಿದ್ದು ಸುಮಾರು 240 ಕೋಟಿ ವರ್ಷದ ಈಚೆಗೆ. ಅಂದ್ರೆ ಆವತ್ತು ನೀರಿಂದ ತಲೆ ಎತ್ತಿದ ದ್ವೀಪಗಳು ಯಾವ್ದಾದ್ರೂ ಇದ್ರೆ ಅವು ಕವಾಯಿ ಥರ ಕೆಂಪಾಗೋ ಹಂಗೇ ಇರಲಿಲ್ಲ, ತುಕ್ಕೇ ಇಲ್ಲ. ಕಲ್ಲಿನ ಕಬ್ಬಿಣ ನೀರಲ್ಲಿ ಕರಗಿ ಸಮುದ್ರಕ್ಕೆ ಹೋಗ್ತಿತ್ತು, ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಿಂದ ಇನ್ನಷ್ಟು ಬರ್ತಿತ್ತು, ಹಂಗೆ ತುಂಬಿದ ಕಬ್ಬಿಣ ತಳದಲ್ಲಿ ಪದರಪದರವಾಗಿ ಕೂತಿತು. ಭೀಮಸಮುದ್ರದ ಕಡೆ ರಸ್ತೇಲಿ ಅದಿರು ಲಾರಿ ಹಿಂದೆ ಸಿಕ್ಕಾಕೊಂಡು ಕೆಂಧೂಳು ಕುಡಿದೋರಿಗೆ ಹೇಳ್ತೀನಿ, ಆ ಕಬ್ಬಿಣ ಆ ಕಾಲದ ಸಮುದ್ರದ್ದು, ಕೆಂಪು ಮಾತ್ರ ಆಮೇಲಿನ ಗಾಳಿದು.

ಐಮಂಗಲದ ಆಕಡೆ ನಮ್ಮ ಸೋದರಮಾವಂದು ಎರೆ ಹೊಲ ಇದೆ, ಮುಂಗಾರಿಗೆ ಸೂರ್ಯಕಾಂತಿ, ಹಿಂಗಾರಿಗೆ ಕಡ್ಲೆ. ಮರಡಿಹಳ್ಳಿಗೆ ಹೋದಾಗ ಅಲ್ಲಿಗೂ ಹೋಗ್ತೀನಿ. "ಏನೋ ಅಳಿಯಾ, ಕಲ್ಲು ನೋಡಾಕೆ ಪೆಟ್ರೋಲ್ ಸುಟ್ಕಂಡು ಬಂದಿಯೇನೋ" ಅನ್ನೋದು ಅವರ ಸ್ವಾಗತ. ಎರೆ ಮಣ್ಣು ಬೇಸಿಗೇಲಿ ಕಾಲು ಇಳಿಯೋಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ರೆ ಉಬ್ಬಿ ಮುಚ್ಕೊಳ್ಳುತ್ತೆ, ಟ್ರ್ಯಾಕ್ಟರ್ ಇಳಿಸಿದ್ರೆ ಹೂತುಕೊಳ್ಳುತ್ತೆ. ಎರೆ ಅಂದ್ರೆ ದಖ್ಖನ್ ಲಾವಾದ್ದು ಅಂತ ಸ್ಕೂಲ್ ಪುಸ್ತಕದ ನೆನಪಲ್ಲಿ ಎಲ್ಲರೂ ಹೇಳ್ತಾರೆ, ಆದ್ರೆ ಆ ಲಾವಾ ಬೆಳಗಾವಿ ವಿಜಯಪುರ ಕಲಬುರಗಿ ಬೀದರ್ ಕಡೆ ಇರೋದು, ಇಲ್ಲಿ ತನಕ ಬಂದಿಲ್ಲ. ಮಾವನ ಹೊಲದ ಕೆಳಗಿರೋದು ಮರಡಿಹಳ್ಳಿ ನೆಂಟಸ್ತನದ ಹಳೇ ಹಸಿರು ಕಲ್ಲೇ. ಕಬ್ಬಿಣ ಕ್ಯಾಲ್ಸಿಯಂ ಮೆಗ್ನೀಷಿಯಂ ತುಂಬಿರೋ ಕಲ್ಲು ಮಳೆ ಜೋರಿರೋ ಕಡೆ ಸವೆದ್ರೆ ಎಲ್ಲ ತೊಳೆದು ಹೋಗಿ ಕೆಂಪು ಉಳಿಯುತ್ತೆ, ಮಳೆ ಕಮ್ಮಿ ಇರೋ ಕಡೆ ಸವೆದ್ರೆ ಅವೆಲ್ಲ ಅಲ್ಲೇ ಉಳಿದು ಈ ಉಬ್ಬೋ ಜೇಡಿ ಆಗುತ್ತೆ. ಬರ ಬರ ಅಂತ ಬೈಕೊಳ್ಳೋ ನಮ್ಮ ಸೀಮೆ ಮಳೆನೇ ಈ ಮಣ್ಣನ್ನ ಉಳಿಸಿರೋದು, ಇದನ್ನ ಮಾವನ ಮುಂದೆ ಹೇಳೋಕೆ ನಂಗೆ ಧೈರ್ಯ ಇಲ್ಲ.

ಹೊಲ ಉಳುವಾಗ ಬೆಳ್ಳಗಿನ ಸುಣ್ಣದ ಹರಳು ಏಳ್ತವೆ. ಅವು ಮಾವನಿಗೆ ಕಿರಿಕಿರಿ. "ಮಾವ, ಇದು ಕಲ್ಲಿಂದ ಬಿಟ್ಟ ಕ್ಯಾಲ್ಸಿಯಂ, ಮಳೆ ಸಾಕಾಗ್ದೆ ಸಮುದ್ರಕ್ಕೆ ಹೋಗ್ಲಿಲ್ಲ, ಇಲ್ಲೇ ನಿಂತು ಗಟ್ಟಿ ಆಗಿದೆ, ಹೋಗಿದ್ರೆ ಹವಳ ಆಗ್ತಿತ್ತು ನೋಡಿ" ಅಂದೆ. ಒಂದು ಹರಳು ಎತ್ತಿ ತಿರುಗಿಸಿ ನೋಡಿದ್ರು. "ಹಂಗಾರೆ ಮಣ್ಣು? ಮಳೆಗೆ ಕೊಚ್ಕಂಡು ಹೋಗ್ತೈತಲ್ಲ, ಅದೆಲ್ಲಿಗೆ ಹೋಗ್ತೈತೆ?" ಅಂದ್ರು.

ಒಳ್ಳೇ ಪ್ರಶ್ನೆ. ಹಳ್ಳದಿಂದ ವೇದಾವತಿ, ಚಳ್ಳಕೆರೆ ಸೀಮೆ ದಾಟಿ ಆಂಧ್ರದ ಭೈರವಾನಿತಿಪ್ಪ ಡ್ಯಾಂ, ಆಮೇಲೆ ಬಳ್ಳಾರಿ ಕಡೆ ಹಗರಿ ಅನ್ನಿಸ್ಕೊಂಡು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಶ್ರೀಶೈಲ ನಾಗಾರ್ಜುನಸಾಗರದ ಹೂಳಲ್ಲಿ ಸಿಕ್ಕದೆ ಉಳಿದದ್ದು ಬಂಗಾಳ ಕೊಲ್ಲಿಗೆ. ಆ ಕೊಲ್ಲಿಯ ತಳ ಇದೆಯಲ್ಲ, ಅದರ ಪೂರ್ವದಂಚು ಅಂಡಮಾನ್ ಕೆಳಗೆ ನುಗ್ತಾ ಇದೆ, ಆಳಕ್ಕೆ ಹೋದ ಫಲಕದಿಂದ ನೀರು ಬಿಡುಗಡೆ ಆಗಿ ಮೇಲಿನ ಬಿಸಿ ಕಲ್ಲು ಕರಗೋಕೆ ಶುರುವಾಗಿ ಅದೇ ಬ್ಯಾರೆನ್ ದ್ವೀಪದಲ್ಲಿ ಲಾವಾ ಆಗಿ ಬರುತ್ತೆ. ಭಾರತದಲ್ಲಿ ಈಗಲೂ ಉರಿಯೋ ಜ್ವಾಲಾಮುಖಿ ಅದೊಂದೇ, ನೂರೈವತ್ತು ವರ್ಷಕ್ಕೂ ಜಾಸ್ತಿ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಐಮಂಗಲದ ಮಣ್ಣೇ ಅಲ್ಲಿಗೆ ಮುಟ್ಟುತ್ತೆ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ, ಕೃಷ್ಣೆ ತಂದದ್ದು ಬಹುಪಾಲು ದಡದ ಹತ್ರಾನೇ ಕೂರುತ್ತೆ, ಆಕಡೆ ತುಂಬಿರೋದು ಮುಖ್ಯವಾಗಿ ಗಂಗೆ ಬ್ರಹ್ಮಪುತ್ರದ ಹೂಳು. ಆದ್ರೂ ನಮ್ಮ ನೆಲದ ಇಳಿಜಾರು ಆ ಕೊಲ್ಲಿ ದಿಕ್ಕಿಗೇ.

ಇಷ್ಟನ್ನೂ ಬದುವಿನ ಮೇಲೆ ಕೂತು ವಿವರಿಸಿದೆ. ಮಾವ ಪೂರ್ತಿ ಕೇಳಿದ್ರು, ಬ್ಯಾರೆನ್ ದ್ವೀಪದ ಹೊತ್ತಿಗೆ ಬೀಡಿ ಹಚ್ಚಿದ್ರು.

"ಅಂಡಮಾನ್ ತಂಕ ಹೋಗಾಕೆ ಮುಂಚೆ ಇಲ್ಲೇ ತಡೀಬೇಕು. ಕೆಳಗಿನ ಬದು ಒಡ್ದೈತೆ ನೋಡು, ಜೆಸಿಬಿಯೋನು ಗಂಟೆಗೆ ಎಷ್ಟು ತಗೊಂತಾನೆ ಫೋನ್ ಮಾಡಿ ಕೇಳು."